ಶಿಖರ ಏರಲಿ, ಬಿಡಾರ ಕೆಳಗಿರಲಿ

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಡಿದಾಗ, ಹಳೆಯ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರುವುದಕ್ಕಾಗಿ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು. ಅದಕ್ಕೆ ಕೆಲವೇ ವರ್ಷ ಮೊದಲು, 1892ರಲ್ಲಿ, ಚಾಮರಾಜಪೇಟೆ ತಲೆಯೆತ್ತಿತ್ತು. ನೇರವಾದ ಅಗಲ ರಸ್ತೆಗಳು, ಗಾಳಿ ಬೆಳಕಿಗೆ ಎಡೆ, ಮನೆಗಳ ಹಿಂದೆ ಕಸ ಸಾಗಿಸುವ ಓಣಿಗಳು: ಮನುಷ್ಯ ನೆಲೆಸುವ ಜಾಗವನ್ನು ಆರೋಗ್ಯದ ದೃಷ್ಟಿಯಿಂದ ಆಯ್ಕೆ ಮಾಡಬೇಕೆಂಬ ವಿವೇಕ ಆ ಯೋಜನೆಯ ಹಿಂದಿತ್ತು.

ಆದರೆ ಆ ವಿವೇಕ ಅರ್ಧಕ್ಕೇ ನಿಂತಿತು. ಹಳೆಯ ಬೆಂಗಳೂರು ಇರುವುದು ಎತ್ತರದ ದಿಣ್ಣೆಯ ಮೇಲೆ. ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಯತ್ತ ಇಳಿದರೆ, ಪಶ್ಚಿಮಕ್ಕೆ ಬಿದ್ದದ್ದು ವೃಷಭಾವತಿಯ ಮೂಲಕ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಸೇರುತ್ತದೆ. ದೊಡ್ಡ ಬಸವನ ಪಾದದ ಬಳಿ ಹುಟ್ಟುವಳೆಂದು ಜನ ನಂಬಿದ್ದ ವೃಷಭಾವತಿ ಇಂದು ನಗರದ ಕೊಳಚೆಯನ್ನು ಹೊತ್ತು ಹರಿಯುತ್ತಾಳೆ. ಮಲಗುವ ಜಾಗವನ್ನು ಜಾಣತನದಿಂದ ಆರಿಸಿಕೊಂಡವರು, ತಮ್ಮ ಕೆಳಗೆ ಹರಿಯುವ ನೀರಿನ ಗತಿಯೇನೆಂದು ಯೋಚಿಸಲಿಲ್ಲ. ನೀರಿನ ನೆತ್ತಿಯ ಮೇಲೆ ನೆಲೆಸುವವರಿಗೆ ಕೆಳಗಿನವರ ಹೊಣೆಯೂ ಇರುತ್ತದೆ ಎಂಬ ಪಾಠವನ್ನು ಬೆಂಗಳೂರು ಒಂದು ನದಿಯನ್ನು ಕಳೆದುಕೊಂಡು ಕಲಿಯಬೇಕಾಯಿತು.

ಆ ಪಾಠ ನಿಜವಾಗಿ ಕಲಿತದ್ದಾಗಿದೆಯೇ? ಈ ಪ್ರಶ್ನೆ ಈಗ ಮಲೆನಾಡಿನ ಬೆಟ್ಟಗಳ ಮೇಲೆ ಏಳುತ್ತಿದೆ. ಈ ಬಡಾವಣೆಗಳ ಕಾಲೇಜು ಯುವಕ ಯುವತಿಯರು, ಉದ್ಯೋಗಸ್ಥರು ವಾರಾಂತ್ಯದ ರಾತ್ರಿ ಬೆನ್ನಿಗೆ ಚೀಲವೇರಿಸಿ ಮೆಜೆಸ್ಟಿಕ್ಕಿನಲ್ಲಿ, ಅಂದರೆ ಒಂದು ಕಾಲದ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಬಸ್ಸು ಹತ್ತುತ್ತಾರೆ. ಅವರಲ್ಲಿ ಅನೇಕರ ಗುರಿ ಕುಕ್ಕೆ ಸುಬ್ರಹ್ಮಣ್ಯದ ಮೇಲೆ 1712 ಮೀಟರ್ ಎತ್ತರಕ್ಕೆ ನಿಂತಿರುವ ಕುಮಾರಪರ್ವತ. ಕುಕ್ಕೆಯಿಂದ ಏರಿ, ಗಿರಿಗದ್ದೆ, ಕಲ್ಲುಮಂಟಪ, ಶೇಷಪರ್ವತ ದಾಟಿ ಶಿಖರ ಮುಟ್ಟಿ, ಸೋಮವಾರಪೇಟೆ ಕಡೆಯ ಬೀದಳ್ಳಿಗೆ ಇಳಿಯುವುದು ಬಹುಕಾಲದಿಂದ ಹೆಸರಾದ ಎರಡು ಮೂರು ದಿನಗಳ ಚಾರಣ. ಅಲ್ಲಿಗೆ ಹೊರಡುವ ಪ್ರತಿ ತಂಡದ ಮುಂದೆಯೂ ಇರುವ ಪ್ರಶ್ನೆ ಒಂದೇ: ರಾತ್ರಿ ಬಿಡಾರ ಎಲ್ಲಿ? ಬಹಳ ವರ್ಷ ಅದಕ್ಕೆ ಸಿಕ್ಕ ಉತ್ತರ, ‘ನೋಟ ಎಲ್ಲಿ ಚೆನ್ನಾಗಿದೆಯೋ ಅಲ್ಲಿ’ ಎಂಬುದು. ಹೀಗಾಗಿ ಶೇಷಪರ್ವತದ ನೆತ್ತಿಯೂ ಶಿಖರದ ಬಯಲೂ ಡೇರೆಗಳ ತಾಣಗಳಾದವು. ಈ ಉತ್ತರ ಬದಲಾಗಬೇಕು. ಶಿಖರವನ್ನು ಹಗಲಿನಲ್ಲಿ, ಹಗುರ ಹೊರೆಯೊಂದಿಗೆ ಏರಿ ಇಳಿಯಬೇಕು. ಮಲಗುವುದು ಕೆಳಗೆ, ಜನವಸತಿಗೆ ಹತ್ತಿರದ, ಈಗಾಗಲೇ ಬಳಕೆಯಾದ ನೆಲದಲ್ಲಿ.

ನೀರಿನ ಲೆಕ್ಕ

ಈ ಬೆಟ್ಟದ ಪಶ್ಚಿಮದ ನೀರು ಕುಮಾರಧಾರೆಯಾಗಿ ಇಳಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಪುಷ್ಪಗಿರಿ ಶ್ರೇಣಿಯ ಇನ್ನೊಂದು ಮಗ್ಗುಲಲ್ಲಿ ಹುಟ್ಟುವ ಹಾರಂಗಿ ಕೂಡಿಗೆಯ ಬಳಿ ಕಾವೇರಿಯನ್ನು ಕೂಡಿಕೊಳ್ಳುತ್ತದೆ. ಆ ಕಾವೇರಿ ಕನ್ನಂಬಾಡಿ ದಾಟಿ ಮುಂದೆ ಸಾಗಿದ ಮೇಲೆ, 1974ರಿಂದೀಚೆಗೆ, ಅದರ ಒಂದು ಪಾಲನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ಬೆಂಗಳೂರಿಗೆ ಕುಡಿಸಲಾಗುತ್ತಿದೆ. ಅಂದರೆ ಬಸವನಗುಡಿಯ ಚಾರಣಿಗ ಈ ಶ್ರೇಣಿಗೆ ಅತಿಥಿಯಾಗಿ ಬರುವವನಷ್ಟೇ ಅಲ್ಲ. ಅದರ ನೀರಿನ ಋಣ ಹೊತ್ತವನು ಕೂಡ.

ಒಂದು ಬಿಡಾರದ ಹೊಲಸು ನಗರದ ನಲ್ಲಿಯವರೆಗೆ ಬರುತ್ತದೆಂದು ಯಾರೂ ಹೆದರಬೇಕಿಲ್ಲ. ಅಪಾಯವಿರುವುದು ಹತ್ತಿರದಲ್ಲೇ. ಮಳೆಗಾಲದಲ್ಲಿ ಹಳ್ಳಗಳು ಭೋರ್ಗರೆಯುವಾಗ ಚಾರಣಿಗರು ಬರುವುದಿಲ್ಲ. ಅವರು ಬರುವುದು ಮಳೆ ನಿಂತ ಮೇಲೆ. ದಿನದಿನಕ್ಕೂ ಝರಿಗಳು ಸಣಕಲಾಗುತ್ತಾ ಹೋಗುವ ತಿಂಗಳುಗಳಲ್ಲಿ. ಆಗ ಒರತೆಯ ಪಕ್ಕ ಪಾತ್ರೆ ತೊಳೆದ ಸೋಪು, ಮೇಲಿನ ಇಳಿಜಾರಿನಲ್ಲಿ ಬಿಟ್ಟ ಮಲ, ಯಾವುದೂ ತೆಳುವಾಗದೆ ಕೆಳಗಿನ ಗುಂಡಿಗಳಲ್ಲಿ ನಿಲ್ಲುತ್ತದೆ. ಕಪ್ಪೆಗಳಿಗೂ, ರಾತ್ರಿ ನೀರಿಗೆ ಬರುವ ಕಾಡುಪ್ರಾಣಿಗಳಿಗೂ, ಮರುದಿನ ಅದೇ ಒರತೆಗೆ ಬಾಟಲಿ ಹಿಡಿಯುವ ಇನ್ನೊಂದು ತಂಡಕ್ಕೂ ಆ ಗುಂಡಿಯೇ ಗತಿ.

ಮಣ್ಣಿನ ಲೆಕ್ಕ

ನೀರಿಗಿಂತ ನಿಧಾನವಾಗಿ, ಆದರೆ ಹೆಚ್ಚು ಆಳವಾಗಿ ಗಾಯಗೊಳ್ಳುವುದು ಮಣ್ಣು. ಶಿಖರದ ಸುತ್ತಲಿನ ಹುಲ್ಲುಗಾವಲು ‘ಏನೂ ಬೆಳೆಯದ ಬೋಳು ಜಾಗ’ವೆಂಬುದು ತಪ್ಪು ತಿಳಿವಳಿಕೆ. ಬಂಡೆಯ ಮೇಲಿನ ತೆಳುವಾದ ಮಣ್ಣನ್ನು ಹುಲ್ಲಿನ ಬೇರುಗಳು ಹೆಣೆದು ಹಿಡಿದಿರುತ್ತವೆ. ಸಾವಯವ ಅಂಶ ತುಂಬಿದ ಆ ಮಣ್ಣು ಸ್ಪಂಜಿನಂತೆ ಮಳೆಯನ್ನು ಹೀರಿ, ಕಣಿವೆಯ ಶೋಲಾ ಕಾಡಿಗೆ ತಿಂಗಳುಗಟ್ಟಲೆ ಒಸರಿಸುತ್ತದೆ. ಡೇರೆಯ ಕೆಳಗೆ, ಅದಕ್ಕಿಂತ ಹೆಚ್ಚಾಗಿ ಡೇರೆಯ ಸುತ್ತ ಜನ ಓಡಾಡುವ ಜಾಗದಲ್ಲಿ, ಈ ಮಣ್ಣಿನ ರಂಧ್ರಗಳು ಅದುಮಿಹೋಗುತ್ತವೆ. ನೀರು ಇಂಗುವ ಬದಲು ಮೇಲೆಯೇ ಹರಿಯತೊಡಗುತ್ತದೆ. ಮುಂದಿನ ಜೂನ್‌ನಲ್ಲಿ ಮುಂಗಾರು ಅಪ್ಪಳಿಸಿದಾಗ ಬೋಳಾದ ತೇಪೆಯಿಂದಲೇ ಕೊರಕಲು ಆರಂಭವಾಗುತ್ತದೆ. ಹುಲ್ಲು ಸಾಯಲು ಕೆಲವು ರಾತ್ರಿ ಸಾಕು. ಕೊಚ್ಚಿಹೋದ ಮೇಲ್ಮಣ್ಣು ಮರಳಿ ಕೂಡಲು ಒಂದು ತಲೆಮಾರು ಸಾಲದು. 2018ರ ಆಗಸ್ಟ್‌ನಲ್ಲಿ ಉತ್ತರ ಕೊಡಗಿನ ಗುಡ್ಡಗಳು ಕುಸಿದದ್ದಕ್ಕೆ ಚಾರಣ ಕಾರಣವಲ್ಲ. ಆದರೆ ಇಲ್ಲಿನ ಇಳಿಜಾರುಗಳು ಎಷ್ಟು ಸೂಕ್ಷ್ಮವೆಂಬುದನ್ನು ಆ ವರ್ಷದ ಬಳಿಕವೂ ಮರೆಯುವುದು ಸಲ್ಲದು.

ಇಲ್ಲಿ ಗಮನಿಸಬೇಕಾದ ಒಂದು ವೈಜ್ಞಾನಿಕ ಸತ್ಯವಿದೆ. ತುಳಿತದ ಹಾನಿ ತುಳಿತದ ಪ್ರಮಾಣಕ್ಕೆ ಸರಿಸಮವಾಗಿ ಏರುವುದಿಲ್ಲ. ಹೊಸ ನೆಲದಲ್ಲಿ ಮೊದಲ ಕೆಲವು ರಾತ್ರಿಗಳಲ್ಲೇ ಬಹುಪಾಲು ಹಾನಿ ಮುಗಿದಿರುತ್ತದೆ. ಈಗಾಗಲೇ ಗಟ್ಟಿಯಾದ ನೆಲದಲ್ಲಿ ಇನ್ನೊಂದು ರಾತ್ರಿ ಕಳೆದರೆ ಹೆಚ್ಚುವರಿ ನಷ್ಟ ಅಲ್ಪ. ಆದ್ದರಿಂದ ‘ಯಾರೂ ಹೋಗದ ಜಾಗ’ವನ್ನು ಹುಡುಕುವ ಉತ್ಸಾಹ, ಕೇಳಲು ಎಷ್ಟೇ ಸೊಗಸಾಗಿದ್ದರೂ, ಬೆಟ್ಟಕ್ಕೆ ಶತ್ರು.

ಜಾಗ ಆರಿಸುವ ಬಗೆ

ಹಾಗಾದರೆ ಆಯ್ಕೆ ಹೇಗಿರಬೇಕು? ಮೊದಲನೆಯದು ಅನುಮತಿ. ಪುಷ್ಪಗಿರಿ ವನ್ಯಜೀವಿ ಅಭಯಾರಣ್ಯ. 2012ರಿಂದ ವಿಶ್ವ ಪರಂಪರೆಯ ತಾಣಗಳ ಪಟ್ಟಿಯಲ್ಲಿದೆ. ಅರಣ್ಯ ಇಲಾಖೆ ತಂಗಲು ಬಿಡದ ಕಡೆ ಡೇರೆ ಹಾಕುವ ಮಾತೇ ಬರಬಾರದು. ಹೊರಡುವ ಮುನ್ನ ಆ ಋತುವಿನ ನಿಯಮ ತಿಳಿದಿರಬೇಕು. ಅನುಮತಿ ಇರುವಲ್ಲಿ, ಹುಲ್ಲು ಸವೆದು ನೆಲ ಗಟ್ಟಿಯಾದ ಹಳೆಯ ತಂಗುದಾಣವನ್ನೇ ಬಳಸಬೇಕು. ನೀರಿನಿಂದ 60 ಮೀಟರ್, ಅಂದರೆ ಸುಮಾರು 80 ಹೆಜ್ಜೆ, ದೂರವಿರಬೇಕು. ಶೌಚಕ್ಕೂ ಅಷ್ಟೇ ದೂರ ಹೋಗಿ, ಒಂದು ಗೇಣು ಆಳದ ಗುಂಡಿ ತೋಡಿ ಮುಚ್ಚಬೇಕು. ಶೋಲಾದ ಅಂಚು, ಜೌಗು, ಆನೆ ಕಾಟಿಗಳ ಜಾಡು ಇವುಗಳನ್ನು ಬಿಡಬೇಕು. ಬೆಟ್ಟದ ಬೆನ್ನಿನ ಮೇಲೆ ಗಾಳಿ ಸಿಡಿಲುಗಳ ಭಯವಿದ್ದರೆ, ತೀರಾ ತಗ್ಗಿನಲ್ಲಿ ರಾತ್ರಿಯ ತಣ್ಣನೆ ಗಾಳಿ ಮಡುಗಟ್ಟುತ್ತದೆ. ನಡುವಿನ ಸಮತಟ್ಟೇ ಸುರಕ್ಷಿತ. ಬೆಂಕಿಯಂತೂ ಬೇಡವೇ ಬೇಡ. ಒಣಗಿದ ಹುಲ್ಲಿಗೆ ಒಂದು ಕಿಡಿ ಸಾಕು. ಗಾಂಧಿ ಬಜಾರಿನಲ್ಲೋ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲೋ ಕೊಂಡ ಅವಲಕ್ಕಿ, ಚಟ್ನಿಪುಡಿ ಒಂದು ರಾತ್ರಿಯ ಹಸಿವಿಗೆ ಧಾರಾಳ.

ಈ ಅಳತೆಗೋಲಿನಿಂದ ನೋಡಿದರೆ ಬಿಡಾರ ತಾನಾಗಿಯೇ ಗಿರಿಗದ್ದೆಯ ಮಟ್ಟಕ್ಕೋ, ಬುಡದ ಊರುಗಳಿಗೋ ಇಳಿಯುತ್ತದೆ. ಗಿರಿಗದ್ದೆಯ ಭಟ್ಟರ ಮನೆ ದಶಕಗಳ ಕಾಲ ಚಾರಣಿಗರಿಗೆ ಅನ್ನ ಸಾರು ಬಡಿಸಿದ ಪರಂಪರೆಯೂ ಹೇಳುವುದು ಇದನ್ನೇ: ರಾತ್ರಿ ಮನುಷ್ಯರ ಬಳಿ, ಹಗಲು ಬೆಟ್ಟದ ಬಳಿ. ಊರಿನಲ್ಲಿ ತಂಗಿದರೆ ಸ್ಥಳೀಯರ ಕೈಗೆ ನಾಲ್ಕು ಕಾಸು ಸೇರುತ್ತದೆ. ಕಸಕ್ಕೂ ಶೌಚಕ್ಕೂ ಒಂದು ವ್ಯವಸ್ಥೆ ಇರುತ್ತದೆ.

ಶಿಖರದ ಸೂರ್ಯೋದಯ ತಪ್ಪುತ್ತದೆ ಎಂಬ ಆಕ್ಷೇಪ ಬರುವುದು ಸಹಜ. ಹೌದು, ತಪ್ಪುತ್ತದೆ. ಅದು ನಿಜವಾದ ನಷ್ಟವೇ. ಹಾಗಲ್ಲವೆಂದು ಹೇಳಿ ಯಾರನ್ನೂ ಒಪ್ಪಿಸಬೇಕಿಲ್ಲ. ಆದರೆ ಪಶ್ಚಿಮಕ್ಕೆ ತೆರೆದುಕೊಂಡ ಗಿರಿಗದ್ದೆಯ ಇಳಿಜಾರಿನಿಂದ ಕಾಣುವ ಸಂಜೆ ಬಡವಾದುದಲ್ಲ.

2024ರ ಗಣರಾಜ್ಯೋತ್ಸವದ ವಾರಾಂತ್ಯದಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ಸಾಲುಗಟ್ಟಿದ ಚಿತ್ರಗಳನ್ನು ನಾಡೆಲ್ಲ ನೋಡಿತು. ಸರ್ಕಾರ ಆನ್‌ಲೈನ್ ನೋಂದಣಿಯಿಲ್ಲದ ಚಾರಣಗಳನ್ನು ತಡೆಹಿಡಿದು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಹೊಸ ಕಾಯ್ದಿರಿಸುವ ವ್ಯವಸ್ಥೆ ತಂದು, ಒಂದು ದಾರಿಗೆ ದಿನಕ್ಕೆ 300 ಜನರೆಂಬ ಮಿತಿ ಹಾಕಿತು. ಇದು ಸ್ವಾಗತಾರ್ಹ. ಆದರೆ ಗೇಟಿನಲ್ಲಿ ತಲೆ ಎಣಿಸಿದ ಮಾತ್ರಕ್ಕೆ ಬೆಟ್ಟ ಉಳಿಯುವುದಿಲ್ಲ. ಹತ್ತಿದವರು ಎಲ್ಲಿ ಕೂತರು, ಎಲ್ಲಿ ಬೇಯಿಸಿದರು, ಎಲ್ಲಿ ಮಲಗಿದರು ಎಂಬುದೂ ಅಷ್ಟೇ ಮುಖ್ಯ. ತಂಗುದಾಣಗಳನ್ನು ಗುರುತಿಸುವ ಮುನ್ನ ಇಲಾಖೆಯು ಆಯಾ ಊರಿನವರನ್ನೂ ಮಣ್ಣು ನೀರು ಬಲ್ಲವರನ್ನೂ ಕೇಳಲಿ. ಚಾರಣ ಏರ್ಪಡಿಸುವವರು, ಅವರು ನಗರದವರಿರಲಿ ಮಲೆನಾಡಿನವರೇ ಇರಲಿ, ಶಿಖರದ ರಾತ್ರಿಯನ್ನು ಸರಕಾಗಿ ಮಾರುವುದನ್ನು ನಿಲ್ಲಿಸಲಿ.

ವೃಷಭಾವತಿಯನ್ನು ಮೊದಲಿನಂತೆ ಮಾಡುವುದು ಇಂದು ಕೋಟಿಗಟ್ಟಲೆ ಹಣದ, ಹಲವು ತಲೆಮಾರುಗಳ ಕೆಲಸ. ಕುಮಾರಧಾರೆ, ಹಾರಂಗಿಗಳ ನೆತ್ತಿಯನ್ನು ಇದ್ದಂತೆಯೇ ಉಳಿಸಲು ಬೇಕಾದದ್ದು, ಡೇರೆಯ ಗೂಟ ಹೊಡೆಯುವ ಮುನ್ನ ಒಮ್ಮೆ ಕೆಳಗೆ ನೋಡುವಷ್ಟು ವ್ಯವಧಾನ.