ಹತ್ತು ಜನ, ಹತ್ತು ನಿಮಿಷ, ಒಂದು ಪಿರಮಿಡ್ಡು

ಕಾಲೇಜು ಯುವಜನೋತ್ಸವದ ಜಾನಪದ ನೃತ್ಯ ಸ್ಪರ್ಧೆ ನೋಡಿ ಬಲ್ಲವರು ಅದರ ಕೊನೆಯ ನಿಮಿಷವನ್ನು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲರು. ತಾಳ ದುಪ್ಪಟ್ಟಾಗುತ್ತದೆ, ನಾಲ್ವರು ಬಗ್ಗುತ್ತಾರೆ, ಅವರ ಬೆನ್ನ ಮೇಲೆ ಮೂವರು ಏರುತ್ತಾರೆ, ಅವರ ಹೆಗಲ ಮೇಲೆ ತೆಳ್ಳಗಿನ ಹುಡುಗನೊಬ್ಬ. ಅವನ ಕೈಯಲ್ಲಿ ಡೊಳ್ಳೋ, ಕಂಸಾಳೆಯೋ, ಏನೂ ಇಲ್ಲದಿದ್ದರೆ ಹಳದಿ ಕೆಂಪು ಬಾವುಟ. ಸಿಳ್ಳೆ, ಚಪ್ಪಾಳೆ. ಮುಂದಿನ ತಂಡ ಬರುತ್ತದೆ. ಕುಣಿತದ ಹೆಸರು ಬೇರೆ, ಪಿರಮಿಡ್ಡು ಅದೇ.

ಡೊಳ್ಳು ಬೀರಪ್ಪನ ಗುಡಿಯ ಮುಂದಿನದು, ಕಂಸಾಳೆ ಮಾದಪ್ಪನ ದೇವರಗುಡ್ಡರದು, ವೀರಗಾಸೆ ವೀರಭದ್ರನದು. ಮೂರರ ನಡೆಯೂ ಬೇರೆ, ಬಾಯಿಮಾತೂ ಬೇರೆ. ಸ್ಪರ್ಧೆಯಲ್ಲಿ ಮೂರಕ್ಕೂ ಒಂದೇ ಕವಾಯತು: ಎರಡು ಸಾಲು, ‘ವಿ’ ಆಕಾರ, ಎದುರುಬದುರು, ಒಂದು ಸುತ್ತು, ಆಮೇಲೆ ಹತ್ತುವುದು. ಎದೆ ನಡುಗಿಸಬೇಕಾದ ವೀರಗಾಸೆಯ ಒಡಪು ನಾಲ್ಕು ಸಾಲಿಗೆ ಇಳಿದು, ವೇಷ ಸರಿಮಾಡಿಕೊಳ್ಳುವಷ್ಟು ಹೊತ್ತಿನ ಬಿಡುವಾಗಿದೆ.

ಹುಡುಗರನ್ನು ಬಯ್ಯುವುದು ಸುಲಭ. ನನ್ನ ಜಗಳ ಅಂಕಪಟ್ಟಿಯ ಜೊತೆ. ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ನಿಯಮದಂತೆ ಜಾನಪದ ನೃತ್ಯಕ್ಕೆ ಹೆಚ್ಚೆಂದರೆ 10 ಕುಣಿಯುವವರು, 10 ನಿಮಿಷ. ಅಂಕ ಸಿಗುವುದು ಲಯ, ವಿನ್ಯಾಸ, ಅಭಿವ್ಯಕ್ತಿ, ಉಡುಗೆ, ಪ್ರಸಾಧನ, ರಂಗಸಜ್ಜಿಕೆ, ಒಟ್ಟು ಪರಿಣಾಮಗಳಿಗೆ. ಮಾತಿಗೆ ಪ್ರತ್ಯೇಕ ಮನೆಯಿಲ್ಲ, ಎಲ್ಲಿಂದ ಕಲಿತಿರಿ ಎಂಬುದಕ್ಕಂತೂ ಇಲ್ಲವೇ ಇಲ್ಲ. ‘ವಿನ್ಯಾಸ’ಕ್ಕೆ ಅಂಕ ಇಟ್ಟ ಮೇಲೆ ಹತ್ತು ಮೈಗಳನ್ನು ಜೋಡಿಸಿ ಎತ್ತರ ಮಾಡುವುದಕ್ಕಿಂತ ಕಣ್ಣಿಗೆ ಬೇಗ ಬೀಳುವ ವಿನ್ಯಾಸ ಯಾವುದಿದೆ? ಗೆದ್ದ ತಂಡದ್ದನ್ನು ಮರುವರ್ಷ ಎಲ್ಲರೂ ಮಾಡುತ್ತಾರೆ. ತರಬೇತುದಾರರೊಬ್ಬರೇ ನಾಲ್ಕು ಕಾಲೇಜು ಹಿಡಿದಿದ್ದರಂತೂ ಮರುವರ್ಷದವರೆಗೂ ಕಾಯಬೇಕಿಲ್ಲ.

ಇದು ನಮ್ಮೊಬ್ಬರ ಕಾಯಿಲೆಯಲ್ಲ. ಮಂಜಿನ ಮೇಲಿನ ಫಿಗರ್ ಸ್ಕೇಟಿಂಗಿನಲ್ಲಿ ಕಾರ್ಯಕ್ರಮದ ದ್ವಿತೀಯಾರ್ಧದ ನೆಗೆತಗಳಿಗೆ ಶೇಕಡ 10 ಹೆಚ್ಚು ಅಂಕವಿತ್ತು. 2018ರ ಒಲಿಂಪಿಕ್ಸಿನಲ್ಲಿ ಅಲೀನಾ ಝಾಗಿಟೊವಾ ದೀರ್ಘ ಸುತ್ತಿನ ಏಳೂ ನೆಗೆತಗಳನ್ನು ದ್ವಿತೀಯಾರ್ಧಕ್ಕೆ ತಳ್ಳಿ ಚಿನ್ನ ಗೆದ್ದಳು. ತಲೆಯ ಮೇಲೆ ಕೈ ಎತ್ತಿ ನೆಗೆದರೆ ಗುಣಾಂಕ ಹೆಚ್ಚುತ್ತದೆಂದು ತಿಳಿದ ಮೇಲೆ ಎಷ್ಟೋ ಹುಡುಗಿಯರು ನೆಗೆತ ನೆಗೆತಕ್ಕೂ ಕೈ ಎತ್ತತೊಡಗಿದ್ದರು. ಆ ಆಟದವರಿಗೆ ಇರುವ ಒಂದು ಬುದ್ಧಿ ನಮಗಿಲ್ಲ: ಮುಂದಿನ ಋತುವಿಗೇ ನಿಯಮ ತಿದ್ದಿ, ಹೆಚ್ಚುವರಿ ಅಂಕವನ್ನು ದೀರ್ಘ ಸುತ್ತಿನಲ್ಲಿ ಕೊನೆಯ ಮೂರು ನೆಗೆತಗಳಿಗಷ್ಟೇ ಉಳಿಸಿದರು.

ಈಗ ನಮ್ಮ ದಬ್ಬೇಘಟ್ಟದ ಸೀಮೆಗೆ ಬನ್ನಿ. ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯ ಊರಹಬ್ಬಗಳಲ್ಲಿ ಅಮ್ಮನ ಮುಂದೆ ಸೋಮ ಕುಣಿಯುತ್ತಾನೆ. ಮರದ ದೊಡ್ಡ ಮುಖ, ಕೆಂಪೋ ಹಳದಿಯೋ, ಹಿಂದೆ ಬಿದಿರಿನ ಕಟ್ಟು, ಇಳಿಬಿಟ್ಟ ಸೀರೆಗಳು, ಕೈಯಲ್ಲಿ ಬೆತ್ತ. ಹೊತ್ತವನ ಕತ್ತಿಗೆ ಭಾರ, ಕಣ್ಣಿಗೆ ಕಾಣುವುದೂ ಅಷ್ಟಕ್ಕಷ್ಟೆ. ಅರೆಯ ಬಡಿತಕ್ಕೆ ನಾಲ್ಕು ಹೆಜ್ಜೆ ಮುಂದೆ, ಎರಡು ಹಿಂದೆ, ನಿಧಾನಕ್ಕೆ ಒಂದು ತಿರುವು. ಓಣಿಯ ಅಗಲವೇ ಅವನ ರಂಗ. ಜನ ಸುತ್ತಲೂ ಇರುವುದರಿಂದ ಅವನಿಗೆ ‘ಮುಂಭಾಗ’ ಎಂಬುದೇ ಇಲ್ಲ. ತಿರುಗಿದಾಗ ಜಗುಲಿ ಮೇಲಿನ ಮಗು ಕಿಟಾರನೆ ಕಿರುಚಬೇಕು, ಅದು ಅವನ ಅಂಕ. ಸೋಮನನ್ನು ಯಾರ ಹೆಗಲ ಮೇಲೂ ಹತ್ತಿಸಲಾಗದು. ಹತ್ತು ನಿಮಿಷದಲ್ಲಿ ಅವನು ಮೈಗೆ ಬರುವುದೂ ಇಲ್ಲ. ಹಾಗಾಗಿ ಇಲ್ಲಿಯ ಹುಡುಗರು ಕಾಲೇಜಿಗೆ ಹೋಗಿ, ಇಲ್ಲಿಯದಲ್ಲದ ಕುಣಿತವನ್ನು ಯಾರದೋ ಮೊಬೈಲಿನ ವಿಡಿಯೊ ನೋಡಿ ಕಲಿತು, ಅಪ್ಪ ಹೊತ್ತ ಸೋಮನನ್ನು ‘ಸ್ಲೋ’ ಎನ್ನುತ್ತಾರೆ.

ಸ್ಪರ್ಧೆಗಳಿಂದಲೇ ಜನಪದ ಕಲೆ ಉಳಿದಿದೆ ಎನ್ನುವವರಿದ್ದಾರೆ. ಡೊಳ್ಳು ಮುಟ್ಟದಿದ್ದ ಜಾತಿಯ ಮಕ್ಕಳು ಡೊಳ್ಳು ಕಟ್ಟಿಕೊಂಡರು, ಹೆಣ್ಣುಮಕ್ಕಳು ವೀರಗಾಸೆ ಕುಣಿದರು. ಇದು ಸಣ್ಣ ಮಾತಲ್ಲ, ಇದನ್ನು ನಾನು ಬಿಟ್ಟುಕೊಡಲಾರೆ. ಆದರೆ ಆ ಹೆಣ್ಣುಮಗಳಿಗೆ ಒಡಪು ಹೇಳಲು ಕೊಟ್ಟದ್ದು ಅರ್ಧ ನಿಮಿಷ. ಬಾಗಿಲು ತೆರೆದವರು ಒಳಗಿನ ಸಾಮಾನನ್ನೆಲ್ಲ ಹೊರಗೆ ಹಾಕಿ ಬರೀ ಕೋಣೆ ತೋರಿಸಿದ ಹಾಗಾಯಿತು. ಉಳಿದದ್ದು ಕಲೆಯೋ ಅದರ ಉಡುಪೋ? ಈಗ ಜಾತ್ರೆಗಳೂ ಸ್ಪರ್ಧೆಯ ತಂಡಗಳನ್ನೇ ಕರೆಸುತ್ತಿವೆ. ಅಡ್ಡೆ ಹೊತ್ತವರು ಅಮ್ಮನನ್ನು ಹೆಗಲ ಮೇಲಿಟ್ಟುಕೊಂಡು, ಎದುರಿನ ಪಿರಮಿಡ್ಡು ಮುಗಿಯಲೆಂದು ಕಾಯುತ್ತಾ ನಿಲ್ಲುವ ಕಾಲ ಬಂದಿದೆ.

ಒಂದು ವರ್ಷದ ಮಟ್ಟಿಗೆ ‘ವಿನ್ಯಾಸ’ದ ಅಂಕ ತೆಗೆಯಿರಿ. ಆ ಜಾಗದಲ್ಲಿ ತಂಡಕ್ಕೆ ಕೇಳಿ: ಇದನ್ನು ಯಾವ ಊರಲ್ಲಿ, ಯಾರ ಹತ್ತಿರ ಕಲಿತಿರಿ? ಕಲಿಸಿದವರನ್ನು ಮೇಳದಲ್ಲಿ ಕೂರಿಸಿಕೊಂಡು ಬಂದವರಿಗೆ ಅಂಕ ಕೊಡಿ. ಸ್ಪರ್ಧೆಯನ್ನು ಸಭಾಂಗಣದಿಂದ ಕಾಲೇಜು ಮೈದಾನಕ್ಕೆ ಇಳಿಸಿ, ತೀರ್ಪುಗಾರರನ್ನು ಜನರ ನಡುವೆ ಎಲ್ಲಾದರೂ ನಿಲ್ಲಿಸಿ. ಹೆಗಲು ಹತ್ತಿದವರಿಗೆ ಐದು ಅಂಕ ಕಳೆಯಿರಿ. ಇಷ್ಟಕ್ಕೆ ಅನುದಾನ ಬೇಕಿಲ್ಲ, ಒಂದು ಸುತ್ತೋಲೆ ಸಾಕು.