ಬಾವಿಯಲ್ಲಿ ದಮ್ ಕಟ್ಟುವ ಪಂದ್ಯ ಬೇಡ



ಬೇಸಿಗೆ ರಜೆ ಬಂತೆಂದರೆ ನಮ್ಮ ಕಡೆ ಬಾವಿಗಳಿಗೆ ಜೀವ ಬರುತ್ತದೆ. ಹುನಗುಂದ, ಬಾದಾಮಿ ಕಡೆಯ ಹೊಲದ ಬಾವಿಗಳಲ್ಲಿ, ಬಾಗಲಕೋಟೆಯ ಹಿನ್ನೀರಿನಲ್ಲಿ, ಇಳಕಲ್ಲಿನ ಸುತ್ತ ಗ್ರಾನೈಟ್ ತೆಗೆದು ಬಿಟ್ಟ ಹಳೆಯ ಗಣಿಗಳ ನೀರಿನಲ್ಲಿ ಮಕ್ಕಳ ಗದ್ದಲವೇ ಗದ್ದಲ. ಬೆಂಡು ಕಟ್ಟಿಕೊಂಡು ಕೈಕಾಲು ಬಡಿಯುವವರು ಒಂದು ಕಡೆ, ಕಟ್ಟೆಯ ಮೇಲಿಂದ ಜಿಗಿಯುವವರು ಇನ್ನೊಂದು ಕಡೆ. ಇದರ ನಡುವೆ ಒಂದು ಪಂದ್ಯವೂ ನಡೆಯುತ್ತದೆ. ನೀರೊಳಗೆ ಮುಳುಗಿ ಯಾರು ಹೆಚ್ಚು ಹೊತ್ತು ದಮ್ ಕಟ್ಟುತ್ತಾರೆ? ದಂಡೆಯ ಮೇಲೆ ಕುಳಿತವರು ಒಂದು, ಎರಡು, ಮೂರು ಎಂದು ಜೋರಾಗಿ ಎಣಿಸುತ್ತಾರೆ.

ದೊಡ್ಡ ಹುಡುಗರು ಚಿಕ್ಕವರಿಗೆ ಒಂದು ಉಪಾಯವನ್ನೂ ಹೇಳಿಕೊಡುತ್ತಾರೆ. "ಮುಳಗೂಕಿಂತ ಮೊದಲ ಜೋರ್ ಜೋರ್ ಉಸರ ತಗೊಂಡ ಬಿಡಲೇ, ಬಾಳೊತ್ತ ಇರಾಕ ಬರ್ತೈತಿ!" ಉಪಾಯ ಸುಳ್ಳಲ್ಲ. ಹಾಗೆ ಮಾಡಿದವನು ನಿಜವಾಗಿಯೂ ಹೆಚ್ಚು ಹೊತ್ತು ಒಳಗಿರುತ್ತಾನೆ. ಆದರೆ ಕೆಲವು ಸಲ ಅವನು ತಾನಾಗಿ ಮೇಲೆ ಬರುವುದೇ ಇಲ್ಲ. ಚೆನ್ನಾಗಿ ಈಜು ಬಲ್ಲವನು ಹೀಗೆ ಮುಳುಗಿದರೆ ಜನ ಬಾವಿ ಬಲಿ ಕೇಳಿತು ಎನ್ನುತ್ತಾರೆ. ಬಾವಿ ಯಾರನ್ನೂ ಕೇಳುವುದಿಲ್ಲ. ಕಾರಣವನ್ನು ನಮ್ಮ ಉಸಿರಾಟದಲ್ಲಿ ಹುಡುಕಬೇಕು.

ಸುಮ್ಮನೆ ಕುಳಿತಾಗ ದೊಡ್ಡವರು ನಿಮಿಷಕ್ಕೆ ಸುಮಾರು 12ರಿಂದ 20 ಸಲ ಉಸಿರಾಡುತ್ತಾರೆ. ನಿಮ್ಮ ವಯಸ್ಸಿನವರದು ಅದಕ್ಕಿಂತ ತುಸು ಹೆಚ್ಚು. ಬಾದಾಮಿಯ ಗುಹೆಗಳ ಮೆಟ್ಟಿಲು ಓಡಿ ಹತ್ತಿದರೆ ಇದು ಎರಡು ಪಟ್ಟಾದರೂ ಆದೀತು. ಜ್ವರ ಬಂದಾಗ, ಹೆದರಿದಾಗ ಹೆಚ್ಚುತ್ತದೆ, ನಿದ್ದೆಯಲ್ಲಿ ಇಳಿಯುತ್ತದೆ. ಇದನ್ನೆಲ್ಲ ನಡೆಸುವುದು ಮೆದುಳಿನ ಬುಡದಲ್ಲಿ, ಬೆನ್ನುಹುರಿ ಶುರುವಾಗುವ ಜಾಗದಲ್ಲಿರುವ ಮೆಡುಲ್ಲಾ ಎಂಬ ಭಾಗ. ಅಲ್ಲಿಂದ ಅಪ್ಪಣೆ ಬಂದಾಗ ಎದೆಯ ಕೆಳಗಿನ ವಪೆ ಮತ್ತು ಪಕ್ಕೆಲುಬಿನ ಸ್ನಾಯುಗಳು ಎಳೆದುಕೊಂಡು ಗಾಳಿ ಒಳಗೆ ಬರುತ್ತದೆ. ನೀವು ಮಲಗಿದ್ದರೂ ಅಪ್ಪಣೆ ತಪ್ಪುವುದಿಲ್ಲ.

ಈಗ ಒಂದು ಪ್ರಶ್ನೆ. ಉಸಿರು ಬಿಗಿಹಿಡಿದಾಗ ಸ್ವಲ್ಪ ಹೊತ್ತಿಗೆ ಎದೆಯೊಳಗೆ ತಡೆಯಲಾರದ ತಳಮಳ ಶುರುವಾಗುತ್ತದಲ್ಲ, ಅದು ಏಕೆ? "ಆಮ್ಲಜನಕ ಮುಗಿಯಿತು, ಅದಕ್ಕೆ" ಎಂದು ಬಹಳ ಮಂದಿ ಹೇಳುತ್ತಾರೆ. ಉತ್ತರ ತಪ್ಪು.

1905ರಲ್ಲಿ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಪ್ರೀಸ್ಟ್ಲಿ ಎಂಬ ಇಬ್ಬರು ವಿಜ್ಞಾನಿಗಳು ಇದನ್ನು ತೋರಿಸಿಕೊಟ್ಟರು. (ಆಮ್ಲಜನಕ ಕಂಡುಹಿಡಿದ ಪ್ರೀಸ್ಟ್ಲಿ ಬೇರೆ, ಇವರು ಬೇರೆ.) ಹಾಲ್ಡೇನ್ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಳ್ಳುವ ಮನುಷ್ಯ. ಮುಚ್ಚಿದ ಪೆಟ್ಟಿಗೆಯಂಥ ಕೋಣೆಯಲ್ಲಿ ಕುಳಿತು, ತಾವು ಬಿಟ್ಟ ಗಾಳಿಯನ್ನೇ ಮತ್ತೆ ಮತ್ತೆ ಉಸಿರಾಡಿ ನೋಡಿದವರು. ಇವರ ಮಗ ಜೆ.ಬಿ.ಎಸ್. ಹಾಲ್ಡೇನ್ ಕೂಡ ದೊಡ್ಡ ವಿಜ್ಞಾನಿ. 1957ರಲ್ಲಿ ಭಾರತಕ್ಕೆ ಬಂದು ಇಲ್ಲಿಯೇ ನೆಲೆಸಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಇರಲಿ. ತಂದೆ ಹಾಲ್ಡೇನ್ ಕಂಡದ್ದು ಇದು: ಶ್ವಾಸಕೋಶದಲ್ಲಿ ಇಂಗಾಲದ ಡೈಆಕ್ಸೈಡ್ ತುಸುವೇ ಹೆಚ್ಚಾದರೂ ಉಸಿರಾಟ ಕೂಡಲೇ ಜೋರಾಗುತ್ತದೆ. ಆಮ್ಲಜನಕ ಸ್ವಲ್ಪ ಕಡಿಮೆಯಾದರೆ ಅಷ್ಟು ಜೋರಾಗುವುದಿಲ್ಲ.

ಹಳೆಯ ಮನೆಯ ಅಜ್ಜಿಯೊಬ್ಬಳನ್ನು ನೆನೆಸಿಕೊಳ್ಳಿ. ಒಲೆಗೆ ಕಟ್ಟಿಗೆ ಎಷ್ಟು ಉಳಿದಿದೆ ಎಂದು ಆಕೆ ನೋಡುವುದಿಲ್ಲ. ಹೊಗೆ ತುಂಬಿದರೆ ಮಾತ್ರ ಎದ್ದು ಬೆಳಕಿಂಡಿ ತೆರೆಯುತ್ತಾಳೆ. ಮೆಡುಲ್ಲಾ ಕೂಡ ಹಾಗೆಯೇ. ಕಟ್ಟಿಗೆ ಎಂದರೆ ಆಮ್ಲಜನಕ, ಹೊಗೆ ಎಂದರೆ ಇಂಗಾಲದ ಡೈಆಕ್ಸೈಡ್. ಕುತ್ತಿಗೆಯ ರಕ್ತನಾಳದ ಬಳಿ ಆಮ್ಲಜನಕವನ್ನು ಗಮನಿಸುವ ಪುಟ್ಟ ಅಂಗಗಳೂ ಇವೆ. ಆದರೆ ಆಮ್ಲಜನಕ ಬಹಳ ಇಳಿದ ಮೇಲೆಯೇ ಅವು ಜೋರಾಗಿ ಕೂಗುವುದು. ಹೊಗೆ ಕಡಿಮೆ ಇದ್ದರೆ ಆ ಕೂಗೂ ಮೆತ್ತಗಾಗುತ್ತದೆ.

ಇನ್ನು ಬಾವಿಯ ಉಪಾಯಕ್ಕೆ ಬರೋಣ. ಜೋರಾಗಿ ಉಸಿರಾಡಿದರೆ ರಕ್ತಕ್ಕೆ ಆಮ್ಲಜನಕ ಹೆಚ್ಚು ಸೇರುತ್ತದೆ ಎಂದು ಹುಡುಗರು ನಂಬಿದ್ದಾರೆ. ಆರೋಗ್ಯವಂತರ ರಕ್ತ ಸುಮ್ಮನೆ ಕುಳಿತಾಗಲೇ ತಾನು ಹೊರಬಲ್ಲ ಆಮ್ಲಜನಕದ 100ರಲ್ಲಿ ಸುಮಾರು 97 ಪಾಲು ತುಂಬಿಕೊಂಡಿರುತ್ತದೆ. ಇನ್ನು ಸೇರುವುದು ಅಷ್ಟಕ್ಕಷ್ಟೇ. ಆದರೆ ಹೊಗೆ ಮಾತ್ರ ಬಹಳಷ್ಟು ಹೊರಗೆ ಹೋಗಿಬಿಡುತ್ತದೆ. ಅಜ್ಜಿ ನಿಶ್ಚಿಂತೆಯಿಂದ ಮಲಗುತ್ತಾಳೆ. ನೀರೊಳಗೆ ಹುಡುಗ ಕೈಕಾಲು ಆಡಿಸುತ್ತಾನೆ, ಕಟ್ಟಿಗೆ ಉರಿದು ಮುಗಿಯುತ್ತ ಬರುತ್ತದೆ, ಹೊಗೆ ಇನ್ನೂ ತುಂಬಿಲ್ಲ. "ಮೇಲೆ ಹೋಗು" ಎಂಬ ತಳಮಳ ಏಳುವ ಮೊದಲೇ ಮೆದುಳಿಗೆ ಆಮ್ಲಜನಕ ಸಾಲದೆ ಎಚ್ಚರ ತಪ್ಪುತ್ತದೆ. ಕೈ ಬಡಿಯುವುದಿಲ್ಲ, ಕೂಗುವುದಿಲ್ಲ. ದಂಡೆಯ ಮೇಲಿನವರು ಇವನೇ ಗೆದ್ದ ಎಂದು ಎಣಿಸುತ್ತಲೇ ಇರುತ್ತಾರೆ.

ನನಗೆ ಸಿಟ್ಟು ಬರುವುದು ಆ ಎಣಿಕೆಯ ಮೇಲೆ. ಮುಳುಗಿದವನನ್ನು ಹೆಚ್ಚು ಹೊತ್ತು ಒಳಗಿರಿಸುವುದು ಅದೇ. ಈ ಪಂದ್ಯ ನಿಲ್ಲಬೇಕು ಎಂಬುದು ನನ್ನ ಅಭಿಪ್ರಾಯ. ಜೋರಾಗಿ ಉಸಿರಾಡಿ ಮುಳುಗುವುದಂತೂ ಖಂಡಿತ ಬೇಡ. "ನಾವೂ ಸಣ್ಣವರಿದ್ದಾಗ ಆಡಿದ್ದೇವೆ, ಏನೂ ಆಗಿಲ್ಲ" ಎಂದು ಹಿರಿಯರು ಹೇಳಬಹುದು. ಏನೂ ಆಗದವರು ಮಾತ್ರ ಈ ಮಾತು ಹೇಳಲು ಉಳಿದಿರುತ್ತಾರೆ.

ಈಜಬೇಡಿ ಎಂದು ನಾನು ಹೇಳುತ್ತಿಲ್ಲ. ಈಜು ಬಲ್ಲ ದೊಡ್ಡವರು ಜೊತೆಗಿದ್ದಾಗ ಬೆಂಡು ಕಟ್ಟಿಕೊಂಡು ಕಲಿಯಿರಿ. ದಮ್ ಬೇಕಾದ ಆಟ ಆಡಬೇಕೆನಿಸಿದರೆ ಕಬಡ್ಡಿ ಇದೆ. ನೆಲದ ಮೇಲೆ ದಮ್ ಮುಗಿದರೆ ಔಟ್ ಆಗುತ್ತೀರಿ, ಅಷ್ಟೇ. ಒಂದು ವೇಳೆ ನೆಲದ ಮೇಲೆ ಎಚ್ಚರ ತಪ್ಪಿದರೂ ಉಸಿರಾಟ ತಾನಾಗಿಯೇ ಮತ್ತೆ ಶುರುವಾಗಿ ಗಾಳಿ ಒಳಗೆ ಹೋಗುತ್ತದೆ. ನೀರೊಳಗೆ ಹಾಗೆ ಶುರುವಾದರೆ ಒಳಗೆ ಹೋಗುವುದು ನೀರು.

ಯಾರಾದರೂ ಮುಳುಗಿ ಬೇಗ ಮೇಲೆ ಬರದಿದ್ದರೆ ಎಣಿಸುತ್ತ ಕೂರಬೇಡಿ. ಕೂಗಿ ದೊಡ್ಡವರನ್ನು ಕರೆಯಿರಿ. ನೀವು ಜಿಗಿಯಬೇಡಿ. ಆಮ್ಲಜನಕವಿಲ್ಲದೆ ನಾಲ್ಕೈದು ನಿಮಿಷ ಕಳೆದರೆ ಮೆದುಳಿಗೆ ಪೆಟ್ಟು ಬೀಳುತ್ತದೆ, ಆದ್ದರಿಂದ ಒಂದೊಂದು ಕ್ಷಣವೂ ಬೇಕು. ಶಿಕ್ಷಕರಲ್ಲಿ ನನ್ನದೊಂದು ವಿನಂತಿ. ಈ ಪಾಠವನ್ನು ಪರೀಕ್ಷೆಯ ಪ್ರಶ್ನೆಗಾಗಿ ಕಾಯಿಸದೆ, ಬೇಸಿಗೆ ರಜೆ ಕೊಡುವ ದಿನ ಒಮ್ಮೆ ಹೇಳಿ ಕಳಿಸಿ.

ಉಸಿರು ಎಣಿಸುವ ಆಸೆಯಿದ್ದರೆ ಶಾಲೆಯ ಅಂಗಳದಲ್ಲಿ ಎಣಿಸಿ. ಗೆಳೆಯ ಸುಮ್ಮನೆ ಕುಳಿತಾಗ ಒಂದು ನಿಮಿಷ ಅವನ ಎದೆ ಎಷ್ಟು ಸಲ ಏರಿತು, ಅಂಗಳವನ್ನು ಎರಡು ಸುತ್ತು ಓಡಿ ಬಂದ ಮೇಲೆ ಎಷ್ಟು, ಮತ್ತೆ ಮೊದಲಿನಂತಾಗಲು ಎಷ್ಟು ನಿಮಿಷ ಬೇಕಾಯಿತು, ಬರೆದಿಡಿ. ಎಣಿಸುತ್ತಿದ್ದೀರಿ ಎಂದು ಅವನಿಗೆ ಹೇಳಬೇಡಿ. ಹೇಳಿದರೆ ಅವನ ಗಮನವೆಲ್ಲ ಉಸಿರಿನ ಮೇಲೆ ಹೋಗಿ ಲೆಕ್ಕ ತಪ್ಪುತ್ತದೆ.