ಜೋಳದ ಸೇರಿನಲ್ಲಿ ಹತ್ತಿ ಅಳೆಯಬೇಡಿ

ಹೋದ ಸೆಮಿಸ್ಟರಿನ ಪ್ರಾಜೆಕ್ಟ್ ರಿವ್ಯೂ ದಿನ ಕೇಳಿದ ಒಂದು ಮಾತು ನಮಗೆ ಇನ್ನೂ ಚುಚ್ತಾ ಇದೆ. ನಮ್ಮ ತಂಡದಲ್ಲಿ ಇಬ್ಬರು ರೂಪನಗುಡಿ ಕಡೆಯವರು. ಎರೆ ಹೊಲದ ತೇವ ಅಳೆಯುವ ಅಗ್ಗದ ಸೆನ್ಸರ್ ಮಾಡೋಣ ಅಂತ ಹೊರಟಿದ್ವಿ. "ಆ ವಿಷಯದ ಪೇಪರಿಗೆ ಎಂಟೋ ಹತ್ತೋ ಸೈಟೇಷನ್ ಬಂದ್ರೆ ಹೆಚ್ಚು. ಡೀಪ್ ಲರ್ನಿಂಗ್ ತಗೊಳ್ರಿ, ನೂರಾರು ಬರ್ತಾವೆ" ಅಂತ ಸಲಹೆ ಬಂತು. ಸಲಹೆ ಕೊಟ್ಟವರ ಮನಸ್ಸು ಒಳ್ಳೇದೇ. ಆದರೆ ಲೆಕ್ಕ ತಪ್ಪು.

ಸೈಟೇಷನ್ ಅಂದ್ರೆ ಒಂದು ಪೇಪರನ್ನು ಬೇರೆ ಪೇಪರುಗಳು ಎಷ್ಟು ಸಲ ಉಲ್ಲೇಖಿಸಿವೆ ಅನ್ನೋ ಎಣಿಕೆ. ಯೂಜಿನ್ ಗಾರ್ಫೀಲ್ಡ್ 1964ರಲ್ಲಿ ಸೈನ್ಸ್ ಸೈಟೇಷನ್ ಇಂಡೆಕ್ಸ್ ಶುರು ಮಾಡಿದ್ದು ಮುಖ್ಯವಾಗಿ ಸಂಬಂಧಪಟ್ಟ ಪೇಪರ್ ಹುಡುಕೋಕೆ. ಹುಡುಕೋ ಸಾಧನ ನಿಧಾನಕ್ಕೆ ತಕ್ಕಡಿ ಆಯ್ತು. ತೊಂದರೆ ಏನಂದ್ರೆ, ಎಲ್ಲ ವಿಷಯದವರೂ ಒಂದೇ ರೀತಿ ಬರೆಯಲ್ಲ. ಜೀವವಿಜ್ಞಾನದಲ್ಲಿ ಜನ ಹೆಚ್ಚು, ಉಲ್ಲೇಖಪಟ್ಟಿ ಉದ್ದ. ಗಣಿತದಲ್ಲಿ ಪಟ್ಟಿ ಚಿಕ್ಕದು, ಪೇಪರ್ ಬರೋದೂ ನಿಧಾನ. 2005ರಲ್ಲಿ ಎಚ್-ಇಂಡೆಕ್ಸ್ ಕೊಟ್ಟ ಭೌತವಿಜ್ಞಾನಿ ಹಿರ್ಶ್ ಅವರೇ, ಜೀವವಿಜ್ಞಾನಿಗಳ ಸಂಖ್ಯೆ ಭೌತವಿಜ್ಞಾನಿಗಳಿಗಿಂತ ಹೆಚ್ಚಿರುತ್ತೆ ಅಂತ ಅದೇ ಪೇಪರಿನಲ್ಲಿ ಹೇಳಿದ್ರು. ಆ ಮಾತನ್ನು ಮರೆತು ನಾವು ಸಂಖ್ಯೆ ಮಾತ್ರ ಇಟ್ಕೊಂಡ್ವಿ.

ಇದಕ್ಕೆ ಮದ್ದು ನಾರ್ಮಲೈಸೇಷನ್. ಒಂದು ಪೇಪರಿನ ಸೈಟೇಷನ್ನನ್ನು, ಅದೇ ವಿಷಯ, ಅದೇ ವರ್ಷ, ಅದೇ ಬಗೆಯ ಪೇಪರುಗಳ ಸರಾಸರಿಯಿಂದ ಭಾಗಿಸೋದು. 1 ಬಂದ್ರೆ ಜಗತ್ತಿನ ಸರಾಸರಿ. ಡೀಪ್ ಲರ್ನಿಂಗ್ ಪೇಪರಿಗೆ 40 ಸೈಟೇಷನ್, ಆ ವಿಷಯದ ಸರಾಸರಿ 20 ಅಂದುಕೊಳ್ಳಿ: ಅಂಕ 2. ಮಣ್ಣಿನ ಪೇಪರಿಗೆ 9, ಸರಾಸರಿ 3: ಅಂಕ 3. ಈಗ ಗೆದ್ದವರು ಯಾರು? ಇದು ಸೋತವರ ನೆಪ ಅಲ್ಲ, ಐದನೇ ಕ್ಲಾಸಿನ ಭಾಗಾಕಾರ.

ಭಾಜಕ ಬದಲಾದ್ರೆ ಚಿತ್ರ ಎಷ್ಟು ಬದಲಾಗುತ್ತೆ ಅನ್ನೋಕೆ ನಮ್ಮ ಬೆಂಗಳೂರಿನ ಐಐಎಸ್‌ಸಿ ನೋಡಿ. 2021ರ ಜೂನಿನಲ್ಲಿ ಬಂದ ಕ್ಯೂಎಸ್ ಪಟ್ಟಿಯಲ್ಲಿ ಒಬ್ಬ ಅಧ್ಯಾಪಕರಿಗೆ ಎಷ್ಟು ಸೈಟೇಷನ್ ಅನ್ನೋ ಅಳತೆಯಲ್ಲಿ ಅದು 100ಕ್ಕೆ 100 ಪಡೆದು ಜಗತ್ತಿಗೇ ಮೊದಲು. ಅದೇ ಪಟ್ಟಿಯ ಒಟ್ಟು ಸ್ಥಾನ 186. ಸಂಸ್ಥೆ ಒಂದೇ, ಅಳತೆಗೋಲು ಬೇರೆ. ಇದೇ ಕ್ಯೂಎಸ್ ಕೂಡ 2015ರಿಂದ ವಿಷಯವಾರು ಸಮತೋಲನ ಮಾಡ್ತಿದೆ, ಯಾಕಂದ್ರೆ ಅಲ್ಲಿವರೆಗೆ ವೈದ್ಯಕೀಯ ವಿಭಾಗ ದೊಡ್ಡದಿರೋ ವಿಶ್ವವಿದ್ಯಾಲಯಗಳಿಗೆ ಸಲೀಸಾಗಿ ಲಾಭ ಸಿಗ್ತಿತ್ತು.

ಹಾಗಂತ ಈ ಅಂಕವೇ ದೇವರು ಅಂತ ನಾವು ಹೇಳ್ತಿಲ್ಲ. ನಮ್ಮ ಸೆನ್ಸರ್ ಪೇಪರ್ ಎಲೆಕ್ಟ್ರಾನಿಕ್ಸೋ ಕೃಷಿಯೋ? ಯಾವ ಡಬ್ಬಿಗೆ ಹಾಕ್ತೀರೋ ಅದರ ಮೇಲೆ ಅಂಕ ಬದಲಾಗುತ್ತೆ. ಇನ್ನು ಒಂದೇ ಒಂದು ಪೇಪರ್ ಸಿಕ್ಕಾಪಟ್ಟೆ ಹಿಟ್ ಆದ್ರೆ ಇಡೀ ತಂಡದ ಸರಾಸರಿ ಮೇಲೇಳುತ್ತೆ. ಅದಕ್ಕೇ ಲೈಡನ್ ಪಟ್ಟಿಯವರು, ಆ ವಿಷಯದ ಮೇಲಿನ ಶೇ 10ರಲ್ಲಿ ಎಷ್ಟು ಪೇಪರ್ ಇವೆ ಅಂತಲೂ ನೋಡ್ತಾರೆ.

ಎಲ್ಲಕ್ಕಿಂತ ದೊಡ್ಡ ತೊಡಕು, ಎಣಿಕೆಗೇ ಬಾರದ ಕೆಲಸ. ಬಳ್ಳಾರಿಯಲ್ಲಿ 1954ರಿಂದ ಮಣ್ಣು-ನೀರು ಸಂರಕ್ಷಣೆಯ ಸಂಶೋಧನಾ ಕೇಂದ್ರ ಇದೆ. ಕೆಂಪು ಮಣ್ಣಿಗೆ ಒಗ್ಗೋ ಸಮಪಾತಳಿ ಬದು ಆಳವಾದ ಎರೆ ಭೂಮಿಗೆ ಒಗ್ಗಲ್ಲ. ಇಲ್ಲಿ ನೀರು ಬೇಗ ಇಂಗಲ್ಲ, ಬದುವಿನ ಹಿಂದೆ ನಿಂತು ಬೆಳೆ ಕೆಡುತ್ತೆ, ಕೊನೆಗೆ ಬದುವೇ ಒಡೆಯುತ್ತೆ. ಇಳಿಜಾರು ಕೊಟ್ಟು ನೀರನ್ನು ನಿಧಾನಕ್ಕೆ ಸಾಗಿಸಬೇಕು. ಇಂಥ ತಿಳಿವಳಿಕೆಯಿಂದ ಬದು ಹಾಕಿದ ರೈತ ಯಾವ ಪೇಪರನ್ನೂ ಸೈಟ್ ಮಾಡಲ್ಲ, ಹಿಂಗಾರಿ ಜೋಳ ಬಿತ್ತುತ್ತಾನೆ. 1991ರಲ್ಲಿ ಶುರುವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕನ್ನಡ ಪುಸ್ತಕಗಳ ಕಥೆಯೂ ಹೆಚ್ಚುಕಡಿಮೆ ಇದೇ. ಸ್ಕೋಪಸ್ ಕಣ್ಣಿಗೆ ಬೀಳದ್ದು ಸೊನ್ನೆ. ಸೊನ್ನೆಯನ್ನು ಯಾವ ಸರಾಸರಿಯಿಂದ ಭಾಗಿಸಿದ್ರೂ ಸೊನ್ನೆಯೇ.

2015ರ ಲೈಡನ್ ಪ್ರಣಾಳಿಕೆ ಹತ್ತು ಸೂತ್ರ ಕೊಟ್ಟಿತು. ವಿಷಯಗಳ ನಡುವಿನ ವ್ಯತ್ಯಾಸ ಲೆಕ್ಕಕ್ಕೆ ತಗೊಳ್ಳಿ, ಸ್ಥಳೀಯವಾಗಿ ಬೇಕಾದ ಸಂಶೋಧನೆಯನ್ನು ಕಾಪಾಡಿ ಅನ್ನೋ ಎರಡೂ ಅದರಲ್ಲಿವೆ. ನಾವು ಕೇಳೋದು ಅಷ್ಟೇ. ರಿವ್ಯೂನಲ್ಲಿ ಸೈಟೇಷನ್ ಮಾತು ಎತ್ತಿದ್ರೆ, ಆ ವಿಷಯದ ಸರಾಸರಿ ಎಷ್ಟು ಅಂತಲೂ ಹೇಳಿ. ಸಂಖ್ಯೆಯ ಜೊತೆ ಕೆಲಸವನ್ನೂ ಓದಿ. ಅದು ಯಾರಿಗೆ ಉಪಯೋಗ ಅಂತ ಒಂದು ಪ್ರಶ್ನೆ ಕೇಳಿ. ಡೀಪ್ ಲರ್ನಿಂಗ್ ಮೇಲೆ ನಮಗೇನೂ ಸಿಟ್ಟಿಲ್ಲ, ಆಸೆ ಇದ್ದವರು ಮಾಡಲಿ. ಎಣಿಕೆಗೆ ಹೆದರಿ ಮಾತ್ರ ಬೇಡ.

ನಾವಂತೂ ವಿಷಯ ಬದಲಾಯಿಸಲಿಲ್ಲ. ಸೆನ್ಸರ್ ಈಗ ರೂಪನಗುಡಿ ಹತ್ತಿರದ ಒಂದು ಹೊಲದಲ್ಲಿ ನೆಟ್ಟಿದೆ. ಎರೆ ಬಿರುಕು ಬಿಟ್ಟಾಗ ರೀಡಿಂಗ್ ಹಾರುತ್ತೆ, ಅದನ್ನು ಸರಿಪಡಿಸೋದೇ ಈ ಸೆಮಿಸ್ಟರಿನ ಕೆಲಸ. ಹೊಲದ ಯಜಮಾನರು ಸೈಟೇಷನ್ ಕೇಳಲಿಲ್ಲ. "ಬಿತ್ತಾಕ ಹಸಿ ಸಾಕಾಗತೈತೋ ಇಲ್ಲೋ, ಅದನ್ನ ಹೇಳ್ರಿ" ಅಂದ್ರು.